ಅಘನಾಶಿನಿ ಅಳಿವೆ: ಸಿಹಿನೀರು–ಉಪ್ಪುನೀರಿನ ಲೆಕ್ಕದಲ್ಲಿ ನಿಂತ ಜೌಗು ನೆಲ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರ ಜನವರಿ ಕೊನೆಯಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು. ಅದರ ಜೊತೆಗೇ ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿದವು. ಅವೆರಡೂ ಹಕ್ಕಿಗಳಿಗೆ ಹೆಸರಾದ ಕೆರೆಗಳು. ಅಘನಾಶಿನಿಯದು ಬೇರೆ ಮಾತು. 4,801 ಹೆಕ್ಟೇರ್ ವಿಸ್ತಾರದ ಈ ಜಾಗದಲ್ಲಿ ಭತ್ತ ಬೆಳೆಯುತ್ತಾರೆ, ಉಪ್ಪು ತೆಗೆಯುತ್ತಾರೆ, ಮೀನು ಹಿಡಿಯುತ್ತಾರೆ, ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. 6,000ದಿಂದ 7,500 ಕುಟುಂಬಗಳು ಈ ನೀರನ್ನೇ ನಂಬಿವೆ ಎಂದು ಕೇಂದ್ರ ಸರ್ಕಾರ ಆಗ ತಿಳಿಸಿತ್ತು.

ಘೋಷಣೆಯ ಬೆನ್ನಿಗೇ ದಂಡೆಯ ಊರುಗಳಲ್ಲಿ ಪ್ರಶ್ನೆಗಳು ಹುಟ್ಟಿದವು. ಇದು ಅಣಶಿಯ ಹಾಗೆ ರಾಷ್ಟ್ರೀಯ ಉದ್ಯಾನವಾಯಿತೇ? ಇನ್ನು ಬಲೆ ಬೀಸಬಾರದೇ? ಒಡ್ಡು ಕಟ್ಟಿದ ಗಜನಿ ಗದ್ದೆ ಯಾರದ್ದು? ಈಚೆಗೆ ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ಜೋಡಿಸುವ ಪ್ರಸ್ತಾಪ ಬಂದ ಮೇಲೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ಘಟ್ಟದ ಮೇಲೆ ನೀರು ತಿರುಗಿಸಿದರೆ ಅಳಿವೆಯ ಬಾಯಲ್ಲಿರುವ ತದಡಿಯ ಮೀನಿಗೇನು ಸಂಬಂಧ? ಇವಕ್ಕೆಲ್ಲ ಉತ್ತರ ಸಿಗುವುದು ಅಳಿವೆ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ. ಹಾಗಾಗಿ ಮೊದಲು ನೀರಿನ ವಿಷಯ, ಆಮೇಲೆ ಕಾನೂನು.

ಅಳಿವೆಯೊಳಗೆ ನಡೆಯುವುದೇನು

ಅಘನಾಶಿನಿ ಹುಟ್ಟುವುದು ಶಿರಸಿ ಸೀಮೆಯಲ್ಲಿ. ಶಿರಸಿಯ ಶಂಕರಹೊಂಡದ ಕಡೆಯಿಂದ ಒಂದು ಹಳ್ಳ, ಮಂಜುಗುಣಿ ಕಡೆಯಿಂದ ಇನ್ನೊಂದು. ಎರಡೂ ಕೂಡಿ ನದಿಯಾಗಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ಘಟ್ಟ ಇಳಿದು ದಿವಗಿ, ಮಿರ್ಜಾನ ದಾಟಿ, ಅಘನಾಶಿನಿ ಊರು ಮತ್ತು ತದಡಿಯ ನಡುವೆ ಸಮುದ್ರ ಸೇರುತ್ತದೆ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಲ್ಲಿ ಇದು ಅಪರೂಪ. ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಶರಾವತಿ, ಎರಡಕ್ಕೂ ಸಾಲುಸಾಲು ಅಣೆಕಟ್ಟುಗಳಿವೆ.

ನದಿಯ ನೀರು ಸಮುದ್ರಕ್ಕೆ ಬಿದ್ದು ಮುಗಿಯುವುದಿಲ್ಲ. ಸಮುದ್ರವೂ ನದಿಯೊಳಕ್ಕೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ನೀರು ಏರುವ ಭರತ ಎರಡು, ನೀರು ತಗ್ಗುವ ಇಳಿತ ಎರಡು. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ, ಆದ್ದರಿಂದ ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಏರಿಳಿತ ಕಡಿಮೆ. ಬಳಚು ಹೆಕ್ಕುವವರು ಗಡಿಯಾರಕ್ಕಿಂತ ಪಂಚಾಂಗವನ್ನು ನೋಡುವುದು ಇದಕ್ಕೇ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಾಗಾಗಿ ಅದು ಸಿಹಿನೀರಿಗಿಂತ ಭಾರ: ಒಂದು ಘನ ಮೀಟರ್ ನೀರಿಗೆ ಸುಮಾರು 25 ಕಿಲೋ ಹೆಚ್ಚು. ಎರಡೂ ಸೇರುವಲ್ಲಿ ಉಪ್ಪುನೀರು ತಳದಲ್ಲಿ ಒಳಕ್ಕೆ ನುಗ್ಗುತ್ತದೆ, ಸಿಹಿನೀರು ಮೇಲೆ ತೇಲುತ್ತ ಹೊರಕ್ಕೆ ಹೋಗುತ್ತದೆ. ದೋಣಿಯಿಂದ ಕೈ ಅದ್ದಿ ರುಚಿ ನೋಡಿದರೆ ಸಿಹಿ ಎನ್ನಿಸಿದ ಜಾಗದಲ್ಲೇ ತಳದ ನೀರು ಉಪ್ಪಾಗಿರಬಹುದು. ನೀರಿನ ಪರೀಕ್ಷೆಯನ್ನು ಮೇಲ್ಪದರದಲ್ಲಷ್ಟೇ ಮಾಡಿದರೆ ಲೆಕ್ಕ ತಪ್ಪುವುದು ಇಲ್ಲೇ.

ಈ ಲೆಕ್ಕ ವರ್ಷವಿಡೀ ಒಂದೇ ಇರುವುದಿಲ್ಲ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಜುಲೈಯಲ್ಲಿ ಅಳಿವೆಯ ಮೇಲ್ಭಾಗ ಹೆಚ್ಚುಕಡಿಮೆ ಪೂರ್ತಿ ಸಿಹಿ. ಮಳೆ ನಿಂತ ಮೇಲೆ ನದಿಯ ಒತ್ತಡ ತಗ್ಗಿದಷ್ಟೂ ಉಪ್ಪು ಮೇಲೇರುತ್ತದೆ, ಏಪ್ರಿಲ್–ಮೇ ಹೊತ್ತಿಗೆ ಬಾಯಿಯ ಬಳಿಯ ನೀರು ಸಮುದ್ರದ್ದೇ ಆಗಿರುತ್ತದೆ. ಇಲ್ಲಿನ ಗಿಡ, ಚಿಪ್ಪು, ಮೀನು, ಬೇಸಾಯ ಎಲ್ಲವೂ ಈ ಏರಿಳಿತಕ್ಕೆ ಹೊಂದಿಕೊಂಡವು. ಉಪ್ಪು ಎಷ್ಟಿದೆ ಎನ್ನುವುದು ಎಷ್ಟು ಮುಖ್ಯವೋ ಯಾವ ತಿಂಗಳಲ್ಲಿ ಎಷ್ಟಿದೆ ಎನ್ನುವುದು ಅದಕ್ಕಿಂತ ಮುಖ್ಯ.

ಕಾಂಡ್ಲಾ: ಉಪ್ಪಿನಲ್ಲಿ ಮರ ಬದುಕುವ ಬಗೆ

ಅಪ್ಪೆಮಿಡಿಗೆ ಉಪ್ಪು ಹಾಕಿಟ್ಟರೆ ಎರಡು ದಿನದಲ್ಲಿ ಮಿಡಿ ನೀರು ಬಿಟ್ಟು ಸುರುಟುತ್ತದೆ. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿದುಹೋಗುತ್ತದೆ, ಅಷ್ಟೇ. ಸಾಮಾನ್ಯ ಗಿಡವೊಂದನ್ನು ಅಳಿವೆಯ ಕೆಸರಿನಲ್ಲಿ ನೆಟ್ಟರೆ ಅದರ ಬೇರಿಗೂ ಇದೇ ಗತಿ: ಸುತ್ತ ನೀರಿದ್ದರೂ ಬಾಯಾರಿ ಸಾಯುತ್ತದೆ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳು ಇದನ್ನು ಎರಡು ಬಗೆಯಲ್ಲಿ ಗೆದ್ದಿವೆ.

ಕಮಾನಿನಂಥ ಊರುಗೋಲು ಬೇರು ಬಿಡುವ ರೈಜೋಫೋರಾ ಜಾತಿಯ ಕಾಂಡ್ಲಾ, ನೀರನ್ನು ಹೀರುವಾಗಲೇ ಬೇರಿನ ಪದರದಲ್ಲಿ ಉಪ್ಪಿನ ಹೆಚ್ಚಿನ ಪಾಲನ್ನು ತಡೆದುಬಿಡುತ್ತದೆ. ಉಪ್ಪಟಿ, ಅಂದರೆ ಅವಿಸೆನ್ನಿಯಾ, ಒಂದಿಷ್ಟು ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಿಂದ ಹೊರಹಾಕುತ್ತದೆ. ಬೇಸಿಗೆಯ ಮಧ್ಯಾಹ್ನ ಉಪ್ಪಟಿಯ ಎಲೆಯನ್ನು ಓರೆಯಾಗಿ ಬಿಸಿಲಿಗೆ ಹಿಡಿದು ನೋಡಿ: ಹರಳು ಹರಳಾದ ಬಿಳಿ ಪುಡಿ ಹೊಳೆಯುತ್ತದೆ, ಬೆರಳಿನಿಂದ ಸವರಿ ನಾಲಿಗೆಗೆ ಇಟ್ಟರೆ ಅಪ್ಪಟ ಉಪ್ಪು.

ಇನ್ನೊಂದು ಕಷ್ಟ ಉಸಿರಿನದ್ದು. ಅಳಿವೆಯ ಕೆಸರಿನಲ್ಲಿ ಕೆಲವೇ ಮಿಲಿಮೀಟರ್ ಕೆಳಗೆ ಆಮ್ಲಜನಕ ಇರುವುದಿಲ್ಲ. ಕೆದಕಿದರೆ ಬರುವ ಕೊಳೆತ ಮೊಟ್ಟೆಯ ವಾಸನೆಗೆ ಅದೇ ಕಾರಣ. ಉಪ್ಪಟಿ ನೆಲದಿಂದ ಮೇಲಕ್ಕೆ ಪೆನ್ಸಿಲ್ ಗಾತ್ರದ ಉಸಿರುಬೇರುಗಳನ್ನು ನೂರಾರು ಸಂಖ್ಯೆಯಲ್ಲಿ ಕಳಿಸುತ್ತದೆ. ರೈಜೋಫೋರಾದ ಕಮಾನು ಬೇರುಗಳ ಮೇಲೆ ಸಣ್ಣ ರಂಧ್ರಗಳಿದ್ದು, ಇಳಿತದ ಹೊತ್ತಿನಲ್ಲಿ ಅವುಗಳ ಮೂಲಕ ಗಾಳಿ ಒಳಹೋಗುತ್ತದೆ. ರಸ್ತೆಗೆಂದೋ ಕೊಳಕ್ಕೆಂದೋ ಒಡ್ಡು ಹಾಕಿ ನೀರು ಇಳಿಯದಂತೆ ಮಾಡಿದರೆ ಈ ರಂಧ್ರಗಳು ಮುಳುಗಿಯೇ ಇರುತ್ತವೆ, ಬೇರು ಕೊಳೆತು ಇಡೀ ತೋಪು ಒಣಗುತ್ತದೆ. ಕೊಡಲಿಯನ್ನೇ ಮುಟ್ಟಿಸದೆ ಕಾಂಡ್ಲಾ ಕಾಡು ಸಾಯುವ ಬಗೆ ಇದು.

ರೈಜೋಫೋರಾದ ಬೀಜ ತಾಯಿಮರದಲ್ಲೇ ಮೊಳೆಯುತ್ತದೆ. ಮರದಲ್ಲಿ ನೇತಾಡುವ ಹಸಿರು ಕೋಡು ಕಾಯಲ್ಲ, ಆಗಲೇ ಸಸಿ. ಅರ್ಧ ಮೀಟರ್‌ಗೂ ಉದ್ದ ಬೆಳೆದು ಕಳಚಿ ಬೀಳುತ್ತದೆ. ನೆಡುವವರು ಮಳೆಗಾಲದಲ್ಲಿ ಇವನ್ನೇ ಆಯ್ದು, ಮೂರನೇ ಒಂದು ಭಾಗ ಕೆಸರಿನಲ್ಲಿ ಹೂತುಹೋಗುವಂತೆ ಚುಚ್ಚುತ್ತಾರೆ. ಕೋಡಿನ ದಪ್ಪನೆಯ ಚೂಪು ತುದಿ ಕೆಳಕ್ಕೆ, ಮೊಗ್ಗಿರುವ ತುದಿ ಮೇಲಕ್ಕೆ. ಹುಳು ಕೊರೆದದ್ದು, ಎಳೆಯದಾಗಿರುವಾಗಲೇ ಕಿತ್ತದ್ದು ಬದುಕುವುದಿಲ್ಲ.

ಹೆಚ್ಚಿನ ನಾಟಿಗಳು ಸೋಲುವುದು ಜಾಗದ ಆಯ್ಕೆಯಲ್ಲಿ. ದಿನದ ಹೆಚ್ಚು ಹೊತ್ತು ನೀರಿನಲ್ಲೇ ಮುಳುಗಿರುವ ತಗ್ಗಿನಲ್ಲಿ ನೆಟ್ಟರೆ ಸಸಿಯ ಕಾಂಡಕ್ಕೆ ಬಾರ್ನಕಲ್ ಚಿಪ್ಪುಗಳು ಅಂಟಿ, ಭಾರಕ್ಕೆ ಬಾಗಿ ಮುರಿಯುತ್ತದೆ. ಭರತ ತಲುಪದ ಎತ್ತರದಲ್ಲಿ ನೆಟ್ಟರೆ ಬೇಸಿಗೆಯಲ್ಲಿ ಉಪ್ಪು ಕೂತು ಒಣಗುತ್ತದೆ. ರೈಜೋಫೋರಾಕ್ಕೆ ಭರತದಲ್ಲಿ ಮುಳುಗಿ ಇಳಿತದಲ್ಲಿ ತೆರೆಯುವ ಮೆದು ಕೆಸರು ಬೇಕು. ಉಪ್ಪಟಿ ಸ್ವಲ್ಪ ಗಟ್ಟಿ ನೆಲವನ್ನೂ ತಾಳುತ್ತದೆ. ಬಯಲಾಗಿ ಕಾಣುವ ಕೆಸರುಬಯಲನ್ನೆಲ್ಲ ಕಾಂಡ್ಲಾ ನೆಟ್ಟು ತುಂಬಿಸುವುದೂ ತಪ್ಪೇ. ಆ ಬಯಲು ಖಾಲಿಯಲ್ಲ. ಬಳಚು ಬೆಳೆಯುವುದು, ವಲಸೆ ಹಕ್ಕಿ ಮೇಯುವುದು ಅಲ್ಲೇ. ಮರ ನೆಡುವುದು ಯಾವಾಗಲೂ ಒಳ್ಳೆಯದೇ ಎಂಬ ನಂಬಿಕೆ ಅಳಿವೆಯಲ್ಲಿ ನಡೆಯುವುದಿಲ್ಲ.

ಗಜನಿ ಮತ್ತು ಜಂತ್ರಡಿ

ಭರತದ ನೀರು ಹತ್ತಬಹುದಾದ ತಗ್ಗು ನೆಲಕ್ಕೆ ಒಡ್ಡು ಕಟ್ಟಿ ಮಾಡಿದ ಗದ್ದೆಯೇ ಗಜನಿ. ಮಾಣಿಕಟ್ಟಾ, ಕಾಗಾಲ, ಹೆಗಡೆ, ಮಾಸೂರು ಸುತ್ತಮುತ್ತ ಇವನ್ನು ನೋಡಬಹುದು. ಒಡ್ಡಿನ ನಡುವೆ ಅಲ್ಲಲ್ಲಿ ಜಂತ್ರಡಿ ಇರುತ್ತದೆ: ಗಟ್ಟಿ ಚೌಕಟ್ಟು, ಅದರಲ್ಲಿ ಕೊರೆದ ಸೀಳಿನಲ್ಲಿ ಒಂದರ ಮೇಲೊಂದು ಇಳಿಸುವ ಹಲಗೆಗಳು. ಹಲಗೆ ಎತ್ತಿದರೆ ನೀರು ಹೋಗುತ್ತದೆ ಇಲ್ಲವೇ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಯಾವ ಹೊತ್ತಿಗೆ ಎತ್ತಬೇಕು, ಯಾವ ಹೊತ್ತಿಗೆ ಇಳಿಸಬೇಕು ಎಂಬುದರಲ್ಲೇ ಗಜನಿಯ ಬೇಸಾಯವೆಲ್ಲ ಇದೆ.

ಮಳೆಗೆ ಮುಂಚೆ ಗಜನಿಯ ನೀರನ್ನು ಇಳಿತದ ಹೊತ್ತಿನಲ್ಲಿ ಹೊರಬಿಟ್ಟು ನೆಲ ಒಣಗಿಸುತ್ತಾರೆ, ಮಣ್ಣು ಸಡಿಲಿಸುತ್ತಾರೆ. ಜೂನ್ ಮಳೆ ಬಿದ್ದು ಮಣ್ಣಿನ ಉಪ್ಪು ಕರಗುತ್ತದೆ. ಆ ಉಪ್ಪುನೀರನ್ನು ಪ್ರತಿ ಇಳಿತಕ್ಕೂ ಜಂತ್ರಡಿ ತೆರೆದು ಹೊರಹಾಕಿ, ಭರತ ಏರುವ ಮುನ್ನ ಮುಚ್ಚಬೇಕು. ಕೆಲವು ದೊಡ್ಡ ಮಳೆ ಕಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತದ ಬೀಜ ಎರಚುತ್ತಾರೆ. ಕಗ್ಗ ಎತ್ತರಕ್ಕೆ ಬೆಳೆಯುವ ತಳಿ. ಉಪ್ಪನ್ನೂ ಕೆಲವು ದಿನ ಮುಳುಗಡೆಯನ್ನೂ ತಾಳುತ್ತದೆ. ಗೊಬ್ಬರ ಹಾಕುವ ರೂಢಿಯಿಲ್ಲ, ನೆರೆ ತರುವ ಮೆಕ್ಕಲೇ ಸಾಕು.

ಉಪ್ಪು ತಾಳುವ ತಳಿ ಎಂದರೆ ಎಲ್ಲ ಹಂತದಲ್ಲೂ ತಾಳುತ್ತದೆ ಎಂದಲ್ಲ. ಭತ್ತಕ್ಕೆ ಎಳೆ ಸಸಿಯ ದಿನಗಳು ಮತ್ತು ಹೂ ಬಿಡುವ ದಿನಗಳು ತೀರ ನಾಜೂಕು. ಆ ಹೊತ್ತಿನಲ್ಲಿ ಒಡ್ಡು ಒಡೆದು ಉಪ್ಪುನೀರು ನುಗ್ಗಿದರೆ ಬೆಳೆ ಹೋದಂತೆ. ಒಡ್ಡು ಒಡೆಯುವುದು ಬಹುಮಟ್ಟಿಗೆ ಸಣ್ಣದರಿಂದಲೇ: ಏಡಿ ಕೊರೆದ ಬಿಲ, ಅದರಿಂದ ಜಿನುಗು, ಅಮಾವಾಸ್ಯೆಯ ಭರತಕ್ಕೆ ಆ ಜಿನುಗು ಬಿರುಕಾಗಿ, ಬಿರುಕು ಕಂಡಿಯಾಗುತ್ತದೆ. ಗಜನಿಯೊಳಗೆ ಹತ್ತಾರು ಜನರ ಪಾಲಿದ್ದರೂ ಒಡ್ಡು ಒಂದೇ, ನೀರೂ ಒಂದೇ. ಒಬ್ಬರು ತಮ್ಮ ಪಾಲಿನ ದುರಸ್ತಿ ಬಿಟ್ಟರೆ ಎಲ್ಲರ ಗದ್ದೆಯೂ ಮುಳುಗುತ್ತದೆ. ಕಗ್ಗ ಬೆಳೆಯುವ ಗಜನಿ ಕಡಿಮೆಯಾಗಿರುವುದಕ್ಕೆ ಕೂಲಿಯ ಅಭಾವದಷ್ಟೇ ಈ ಕೂಡುಕೆಲಸ ಸಡಿಲವಾದದ್ದೂ ಕಾರಣ.

ಅಕ್ಟೋಬರ್–ನವೆಂಬರ್‌ನಲ್ಲಿ ಕೊಯ್ಲು ಮುಗಿದ ಮೇಲೆ ಜಂತ್ರಡಿಯ ಕೆಲಸ ತಿರುವುಮುರುವಾಗುತ್ತದೆ. ಈಗ ಭರತದ ನೀರನ್ನು ಒಳಗೆ ಬಿಡುತ್ತಾರೆ, ಅದರ ಜೊತೆ ಸಿಗಡಿ, ಮೀನಿನ ಮರಿಗಳೂ ಬರುತ್ತವೆ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಅವಕ್ಕೆ ಮೇವು. ಸಿಗಡಿ ಮೊಟ್ಟೆಯಿಡುವುದು ಸಮುದ್ರದಲ್ಲಿ, ಮರಿ ಬೆಳೆಯುವುದು ಅಳಿವೆಯ ಆಳವಿಲ್ಲದ ನೀರಿನಲ್ಲಿ. ಬಲಿತ ಮೇಲೆ ಮತ್ತೆ ಸಮುದ್ರಕ್ಕೆ ಹೊರಡುತ್ತದೆ. ಹಾಗೆ ಹೊರಡುವಾಗ, ರಾತ್ರಿಯ ಇಳಿತಕ್ಕೆ ಜಂತ್ರಡಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. 1990ರ ದಶಕದಲ್ಲಿ ಬಹಳಷ್ಟು ಗಜನಿಗಳು ವರ್ಷವಿಡೀ ಉಪ್ಪುನೀರು ನಿಲ್ಲಿಸುವ ಸಿಗಡಿ ಕೊಳಗಳಾದವು. ಒತ್ತಾಗಿ ಸಾಕಿದಲ್ಲಿ ಬಿಳಿಚುಕ್ಕೆ ವೈರಸ್ ರೋಗ ಬಂತು. ಮಳೆಯಲ್ಲಿ ಉಪ್ಪು ತೊಳೆದುಹೋಗುವ ಸರದಿ ತಪ್ಪಿದ ನೆಲ ಭತ್ತಕ್ಕೆ ಮರಳುವುದು ಕಷ್ಟ.

ಸಾಣಿಕಟ್ಟಾದ ಉಪ್ಪಿನಾಗರವೂ ಇದೇ ನೀರಿನ ಇನ್ನೊಂದು ಬಳಕೆ. ಭರತದ ನೀರನ್ನು ಪಾತಿಯಿಂದ ಪಾತಿಗೆ ಹಾಯಿಸುತ್ತ ಬಿಸಿಲಿಗೆ ಗಟ್ಟಿಯಾಗಿಸಿ ಉಪ್ಪು ಗೋರುತ್ತಾರೆ. ಮಳೆಗಾಲ ಮುಗಿದು ಅಳಿವೆಯ ನೀರು ಸಾಕಷ್ಟು ಉಪ್ಪಾಗುವವರೆಗೆ ಅಲ್ಲಿ ಕೆಲಸ ನಡೆಯುವುದಿಲ್ಲ.

ಬಳಚು

ಇಳಿತದಲ್ಲಿ ತೆರೆದುಕೊಳ್ಳುವ ಮರಳು–ಕೆಸರಿನ ಬಯಲೇ ಬಳಚಿನ ನೆಲೆ. ನೀರನ್ನು ಒಳಗೆಳೆದು, ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು, ನೀರನ್ನು ಹೊರಬಿಡುತ್ತದೆ. 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಅಘನಾಶಿನಿಯ ಚಿಪ್ಪುಜೀವಿಗಳ ಬೆಲೆ ಕಟ್ಟಿತು: ಸುಮಾರು 2,300 ಜನರಿಗೆ ಕೆಲಸ, ವರ್ಷಕ್ಕೆ 5.7 ಕೋಟಿ ರೂಪಾಯಿಗೂ ಹೆಚ್ಚಿನ ವಹಿವಾಟು. ಹೂಡಿಕೆಯೆಂದರೆ ಒಂದು ಬುಟ್ಟಿ ಅಥವಾ ದೋಣಿ. ಹೆಕ್ಕುವವರಲ್ಲಿ ಹೆಂಗಸರೂ ಬಹಳ.

ಒಂದೊಂದು ಚಿಪ್ಪಿಗೆ ಒಂದೊಂದು ಉಪ್ಪಿನ ಮಟ್ಟ ಬೇಕು. ಬಾಯಿಗೆ ಹತ್ತಿರ ಬೆಳೆಯುವವು ಹೆಚ್ಚು ಉಪ್ಪು ಕೇಳುತ್ತವೆ. ಅತಿ ಮಳೆಯ ವರ್ಷ ಅವು ರಾಶಿಯಾಗಿ ಸಾಯುವುದುಂಟು. ಕಪ್ಪು ಬಳಚು ಒಳಗಿನ ಸಪ್ಪೆ ನೀರಿನಲ್ಲಿ ನಿಲ್ಲುತ್ತದೆ. ಮರಳು ತೆಗೆಯುವ ದೋಣಿ ಒಂದೇ ದಿನದಲ್ಲಿ ಎತ್ತಿಹಾಕುವ ತಳದ ಪದರದಲ್ಲಿ ಮುಂದಿನ ವರ್ಷದ ಮರಿಗಳೂ ಇರುತ್ತವೆ. ಸಣ್ಣದನ್ನು ಬಿಟ್ಟು ದೊಡ್ಡದನ್ನು ಮಾತ್ರ ತೆಗೆಯುವ ಕ್ರಮ ಕೇರಳದ ಅಷ್ಟಮುಡಿಯಲ್ಲಿದೆ: ಬಲೆಯ ಕಣ್ಣಿಗೆ ಕನಿಷ್ಠ ಅಳತೆ, ಸಂತಾನದ ತಿಂಗಳುಗಳಲ್ಲಿ ರಜೆ. ಅದೂ ರಾಮ್ಸಾರ್ ತಾಣವೇ. ಅಲ್ಲಿನ ಚಿಪ್ಪುಗಾರಿಕೆಗೆ 2014ರಲ್ಲಿ ಅಂತಾರಾಷ್ಟ್ರೀಯ ಸುಸ್ಥಿರ ಮೀನುಗಾರಿಕೆಯ ಪ್ರಮಾಣಪತ್ರ ಸಿಕ್ಕಿತು.

ತಿನ್ನುವವರಿಗೆ ಒಂದು ಮಾತು. ನೀರು ಸೋಸುವ ಜೀವಿ ನೀರಿನ ಕೊಳೆಯನ್ನೂ ಮೈಯಲ್ಲಿ ಕೂಡಿಹಾಕುತ್ತದೆ. ಚರಂಡಿ ಸೇರುವಲ್ಲಿ ಹೆಕ್ಕಿದ್ದನ್ನು ಬಳಸಬಾರದು. ಉಳಿದದ್ದನ್ನೂ ಶುದ್ಧವಾದ ಉಪ್ಪುನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಮರಳು ಕಾರುತ್ತದೆ. ಬೇಯಿಸುವ ಮೊದಲೇ ಬಾಯಿ ತೆರೆದು, ತಟ್ಟಿದರೂ ಮುಚ್ಚದ ಚಿಪ್ಪು ಸತ್ತದ್ದು, ಎಸೆಯಿರಿ.

ರಾಮ್ಸಾರ್ ಎಂದರೆ ರಾಷ್ಟ್ರೀಯ ಉದ್ಯಾನವೇ?

ಅಲ್ಲ. ರಾಷ್ಟ್ರೀಯ ಉದ್ಯಾನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ. ಜನರ ಹಕ್ಕುಗಳನ್ನು ಇತ್ಯರ್ಥ ಮಾಡಿ, ಆ ನೆಲ ಸರ್ಕಾರದ ವಶವಾದ ಮೇಲೆ ಅಂತಿಮ ಅಧಿಸೂಚನೆ ಹೊರಡುತ್ತದೆ. ದನ ಮೇಯಿಸುವಂತಿಲ್ಲ, ಅನುಮತಿಯಿಲ್ಲದೆ ಒಳಹೋಗುವಂತಿಲ್ಲ. 1987ರಲ್ಲಿ ಘೋಷಣೆಯಾದ ನಮ್ಮ ಅಣಶಿ ಹೀಗೆಯೇ. ಕರಾವಳಿ ಜೌಗು ನೆಲದಲ್ಲಿ ಇಂಥ ಉದ್ಯಾನ ನೋಡಬೇಕೆಂದರೆ ಬಂಗಾಳದ ಸುಂದರಬನಕ್ಕೋ ಒಡಿಶಾದ ಭಿತರಕನಿಕಾಕ್ಕೋ ಹೋಗಬೇಕು.

ರಾಮ್ಸಾರ್ ಒಂದು ಅಂತಾರಾಷ್ಟ್ರೀಯ ಒಪ್ಪಂದ. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದದ್ದು. ಭಾರತ ಸೇರಿದ್ದು 1982ರಲ್ಲಿ. ಅದರ ಪ್ರಕಾರ ಕೆರೆ, ಜೌಗು, ಅಳಿವೆಯಷ್ಟೇ ಅಲ್ಲ, ಇಳಿತದಲ್ಲಿ ಆರು ಮೀಟರ್ ಮೀರದ ಆಳವಿರುವ ಸಮುದ್ರವೂ ಜೌಗು ಪ್ರದೇಶವೇ. ತಾಣ ಆರಿಸಲು ಒಂಬತ್ತು ಮಾನದಂಡಗಳಿವೆ, ಒಂದಾದರೂ ಹೊಂದಬೇಕು. ಒಂದು ಜಾತಿಯ ನೀರುಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ಶೇಕಡ 1ರಷ್ಟಾದರೂ ಅಲ್ಲಿ ನಿಯಮಿತವಾಗಿ ಇರಬೇಕೆಂಬುದು ಅವುಗಳಲ್ಲೊಂದು. ಅಘನಾಶಿನಿಯಲ್ಲಿ 66 ಜಾತಿಯ ನೀರುಹಕ್ಕಿಗಳು ದಾಖಲಾಗಿದ್ದು, 15 ಜಾತಿಗಳು ಈ ಮಟ್ಟ ಮುಟ್ಟುತ್ತವೆ. ಹೊಳೆ ರೀವ ಮತ್ತು ಹಾವಕ್ಕಿ ಅವುಗಳಲ್ಲಿವೆ.

ಒಪ್ಪಂದ ಕೇಳುವುದು ವಿವೇಚನೆಯ ಬಳಕೆಯನ್ನು. ಬಳಕೆ ನಿಲ್ಲಿಸಿ ಎಂದು ಅದು ಹೇಳುವುದಿಲ್ಲ. ಬಲೆ, ಗಜನಿ, ಉಪ್ಪು, ಬಳಚು ಎಲ್ಲವೂ ಮುಂದುವರಿಯಬಹುದು, ನೆಲದ ಒಡೆತನವೂ ಬದಲಾಗುವುದಿಲ್ಲ. ತಾಣದ ಪರಿಸರ ಗುಣ ಕೆಟ್ಟರೆ ದೇಶವು ಒಪ್ಪಂದದ ಕಚೇರಿಗೆ ತಿಳಿಸಬೇಕು. ಒಪ್ಪಂದಕ್ಕೆ ಪೊಲೀಸರಿಲ್ಲ; ಕೆಟ್ಟ ಸ್ಥಿತಿಯ ತಾಣಗಳ ಪಟ್ಟಿಯೊಂದಿದೆ, ಅಷ್ಟೇ. ಒಡಿಶಾದ ಚಿಲಿಕಾ ಆ ಪಟ್ಟಿಯಲ್ಲಿತ್ತು. ಹೂಳು ತುಂಬಿ ಸಮುದ್ರದ ನೀರು ಬಾರದೆ ಉಪ್ಪು ಕಡಿಮೆಯಾಗಿ ಮೀನುಗಾರಿಕೆ ಕುಸಿದಿತ್ತು. 2000ದಲ್ಲಿ ಹೊಸ ಬಾಯಿ ತೋಡಿದ ಮೇಲೆ ಚೇತರಿಸಿಕೊಂಡು, 2002ರಲ್ಲಿ ಪಟ್ಟಿಯಿಂದ ಹೊರಬಂತು.

ನೆಲದ ಮೇಲೆ ನಿಜವಾಗಿ ಕೈಗೆ ಸಿಗುವ ಕಾನೂನು ಕರಾವಳಿ ನಿಯಂತ್ರಣ ವಲಯದ್ದು. 2019ರ ಅಧಿಸೂಚನೆಯಲ್ಲಿ ಕಾಂಡ್ಲಾ ಕಾಡು ಅತ್ಯಂತ ಬಿಗಿಯಾದ ವರ್ಗದಲ್ಲಿದೆ. ತೋಪು 1,000 ಚದರ ಮೀಟರ್‌ಗಿಂತ ದೊಡ್ಡದಿದ್ದರೆ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಬಿಡಬೇಕು. 2017ರ ಜೌಗು ಪ್ರದೇಶ ನಿಯಮಗಳು ಕರಾವಳಿ ವಲಯಕ್ಕೆ ಸೇರಿದ ಜಾಗಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಡುತ್ತವೆ. ಅಳಿವೆಯಲ್ಲಿ ಅಕ್ರಮ ಭರ್ತಿ ಕಂಡು ದೂರು ಕೊಡುವವರು ರಾಮ್ಸಾರ್ ಹೆಸರೊಂದನ್ನೇ ಹೇಳಿದರೆ ಸಾಲದು. ಸರ್ವೆ ನಂಬರ್, ಕಾಂಡ್ಲಾದ ಅಂದಾಜು ವಿಸ್ತಾರ, ಭರತದ ಗೆರೆಯಿಂದ ಇರುವ ದೂರ, ದಿನಾಂಕವಿರುವ ಫೋಟೋ ಸೇರಿಸಿ ಕರಾವಳಿ ವಲಯದ ನಿಯಮದಡಿಯೇ ಬರೆಯಬೇಕು.

ಮೇಲಿನ ನೀರು ಬದಲಾದರೆ

4,801 ಹೆಕ್ಟೇರ್‌ಗೆ ಗೆರೆ ಎಳೆಯಬಹುದು, ನೀರಿಗೆ ಎಳೆಯಲಾಗುವುದಿಲ್ಲ. ಇದಕ್ಕೆ ಸಾಕ್ಷಿ ಪಕ್ಕದ ಹೊನ್ನಾವರದಲ್ಲೇ ಇದೆ. ಶರಾವತಿಯ ವಿದ್ಯುತ್ ಯೋಜನೆಗಳಿಂದ ಬೇಸಿಗೆಯಲ್ಲೂ ಸಿಹಿನೀರು ಬಿಡುವುದರಿಂದ ಆ ಅಳಿವೆಯ ಉಪ್ಪು ಕಡಿಮೆಯಾಯಿತು, ಉಪ್ಪು ಬೇಡುವ ಚಿಪ್ಪುಜೀವಿಗಳು ಕ್ಷೀಣಿಸಿದವು. ಅಣೆಕಟ್ಟೆಂದರೆ ಕೆಳಗೆ ನೀರು ಕಡಿಮೆ ಎಂದೇ ಎಲ್ಲರೂ ಭಾವಿಸುತ್ತಾರೆ. ತಪ್ಪು ಹೊತ್ತಿನಲ್ಲಿ ಹೆಚ್ಚು ನೀರು ಬಂದರೂ ಅಳಿವೆ ಕೆಡುತ್ತದೆ.

ನೀರು ತಿರುಗಿಸಿದರೆ ಇದರ ಉಲ್ಟಾ. ಮಳೆಗಾಲದಲ್ಲಿ ವ್ಯರ್ಥವಾಗಿ ಸಮುದ್ರ ಸೇರುವ ನೀರು ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಆ ನೆರೆನೀರು ಗಜನಿಯ ಉಪ್ಪು ತೊಳೆಯುತ್ತದೆ, ಮೆಕ್ಕಲು ತರುತ್ತದೆ, ಅಳಿವೆಯ ಬಾಯಲ್ಲಿ ಕೂತ ಮರಳನ್ನು ಹೊರಕ್ಕೆ ತಳ್ಳುತ್ತದೆ. ಬೇಸಿಗೆಯ ಸಣ್ಣ ಹರಿವಿಗೆ ಬೇರೆಯೇ ಕೆಲಸ. ಶಿರಸಿ–ಸಿದ್ದಾಪುರದ ಕಾಡು, ರಾಮಪತ್ರೆ ಮರಗಳ ಜೌಗುಕಾಡಾದ ಜಡ್ಡಿಗಳಿಂದ ಜಿನುಗಿ ಬರುವ ಆ ನೀರು ಉಪ್ಪನ್ನು ಮೇಲೇರದಂತೆ ಒತ್ತಿ ಹಿಡಿದಿರುತ್ತದೆ. ಅದು ಕಡಿಮೆಯಾದರೆ ಉಪ್ಪು ದಂಡೆಯ ಬಾವಿಗಳ ಕಡೆಗೆ ಬರುತ್ತದೆ. ಮರಳು ತೆಗೆದು ತಳ ಆಳವಾದರೂ ಇದೇ ಆಗುತ್ತದೆ, ಏಕೆಂದರೆ ಭಾರದ ಉಪ್ಪುನೀರು ಆಳವಾದ ದಾರಿಯಲ್ಲಿ ಹೆಚ್ಚು ದೂರ ನುಗ್ಗುತ್ತದೆ.

ಆದ್ದರಿಂದ ಯಾವುದೇ ಯೋಜನೆಯ ವರದಿ ಕೈಗೆ ಬಂದಾಗ ವರ್ಷದ ಒಟ್ಟು ನೀರಿನ ಅಂಕಿಯಲ್ಲಿ ನಿಲ್ಲಬೇಡಿ. ತಿಂಗಳುವಾರು ಹರಿವು ಎಷ್ಟು, ಯೋಜನೆಯ ನಂತರ ಅದೇ ತಿಂಗಳಲ್ಲಿ ಎಷ್ಟು ಉಳಿಯುತ್ತದೆ ನೋಡಿ. ಉಪ್ಪನ್ನು ಬಾಯಿಯ ಬಳಿ, ನಡುವೆ ಮಿರ್ಜಾನದಲ್ಲಿ, ಮೇಲೆ ದಿವಗಿಯ ಕಡೆ ಅಳೆದಿದ್ದಾರೆಯೇ. ಮೇಲ್ಪದರ, ತಳ ಎರಡರಲ್ಲೂ ಅಳೆದಿದ್ದಾರೆಯೇ. ಅಮಾವಾಸ್ಯೆಯ ಭರತಕ್ಕೂ ಅಷ್ಟಮಿಯ ಭರತಕ್ಕೂ ಬೇರೆ ಬೇರೆ ಅಂಕಿ ಇದೆಯೇ ಹುಡುಕಿ. ಒಂದೇ ಋತುವಿನ ಮಾಪನದಿಂದ ಈ ಅಳಿವೆಯ ಬಗ್ಗೆ ಏನನ್ನೂ ಹೇಳಲಾಗದು. ಜುಲೈಯಲ್ಲಿ ಮತ್ತು ಏಪ್ರಿಲ್‌ನಲ್ಲಿ ಅದೇ ಜಾಗದಿಂದ ತುಂಬಿದ ಎರಡು ಬಾಟಲಿ ನೀರು ಬೇರೆ ಬೇರೆ ಜೀವಿಗಳಿಗೆ ಸೇರಿದ್ದು.